ಕನ್ನಡದ ಕಾದಂಬರಿ, ಸಣ್ಣಕಥೆ ಮತ್ತು ಮಕ್ಕಳ ಪುಸ್ತಕಗಳ ಓದು: ಪದೇ ಪದೇ ಕೇಳುವ ಪ್ರಶ್ನೆಗಳು

ಕಥೆ, ಕಾದಂಬರಿಗಳನ್ನು ಬಹುಕಾಲದಿಂದ ಓದುತ್ತ ಬಂದಿರುವುದರಿಂದ ನೆಂಟರಿಷ್ಟರು, ಎಳೆಯ ಮಕ್ಕಳ ತಂದೆತಾಯಂದಿರು, ಶಾಲೆಯ ಶಿಕ್ಷಕರು ನನ್ನನ್ನು ಆಗಾಗ ಕೇಳುವ ಪ್ರಶ್ನೆಗಳಿವು. ಉತ್ತರಗಳು ವಿಮರ್ಶಕರ ತೀರ್ಪುಗಳಲ್ಲ, ಓದಿನ ಮೇಲೆ ಪ್ರೀತಿ ಇಟ್ಟುಕೊಂಡ ಒಬ್ಬರ ಅಭಿಪ್ರಾಯಗಳು. ಕನ್ನಡದ ಕಥನ ಮೊದಲು ಕಿವಿಗೆ ಒಲಿಯುತ್ತದೆ, ಆಮೇಲೆ ಕಣ್ಣಿಗೆ ಎಂಬ ನಂಬಿಕೆ ನನ್ನದು. ಹಾಗಾಗಿ ಗಟ್ಟಿಯಾಗಿ ಓದುವ ಮಾತು ಇಲ್ಲಿ ಮತ್ತೆ ಮತ್ತೆ ಬರುತ್ತದೆ.

ಕನ್ನಡ ಕಾದಂಬರಿಗಳನ್ನು ಹೊಸದಾಗಿ ಓದುವವರು ಯಾವುದರಿಂದ ಆರಂಭಿಸಬೇಕು?

ಸಾಹಿತ್ಯ ಚರಿತ್ರೆಯ ಕ್ರಮವನ್ನು ಹಿಡಿದು ಹೊರಡಬೇಡಿ. ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ 1899ರಲ್ಲಿ ಬಂದ ಕನ್ನಡದ ಮೊದಲ ಸಾಮಾಜಿಕ ಕಾದಂಬರಿ ಎಂಬ ಕಾರಣಕ್ಕೆ ಅದನ್ನೇ ಮೊದಲು ಓದಬೇಕೆಂದೇನಿಲ್ಲ. ಓದಿನ ರುಚಿ ಹತ್ತಿದ ಮೇಲೆ ಅದರ ಬಳಿಗೆ ಹೋದರೆ ಅದರ ಧೈರ್ಯ ಹೆಚ್ಚು ಚೆನ್ನಾಗಿ ಅರ್ಥವಾಗುತ್ತದೆ.

ಆರಂಭಕ್ಕೆ ನಾನು ಸಾಮಾನ್ಯವಾಗಿ ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ (1980) ಕೊಡುತ್ತೇನೆ. ಗಾತ್ರದಲ್ಲಿ ಚಿಕ್ಕದು, ಹಾರುವ ಓತಿಯೊಂದರ ಹುಡುಕಾಟ ಓದುಗರನ್ನು ಪುಟದಿಂದ ಪುಟಕ್ಕೆ ಎಳೆದೊಯ್ಯುತ್ತದೆ, ಮಾತುಕತೆ ಮನೆಯ ಜಗಲಿಯಲ್ಲಿ ಕೇಳಿದಂತಿದೆ. ಊರವರ ಕಣ್ಣಿಗೆ ಉಡಾಳನಾದ ಮಂದಣ್ಣನಲ್ಲಿ ಒಬ್ಬ ದೊಡ್ಡ ವಿಜ್ಞಾನಿ ಪ್ರಕೃತಿಯ ಸೂಕ್ಷ್ಮ ನೋಟಗಾರನನ್ನು ಕಾಣುತ್ತಾರೆ ಎಂಬುದರಲ್ಲಿ ಕಾದಂಬರಿಯ ಎಲ್ಲ ಬೆರಗೂ ಅಡಗಿದೆ. ಶಾಂತವಾದ ಓದು ಬೇಕೆನ್ನುವವರಿಗೆ ಶಿವರಾಮ ಕಾರಂತರ ‘ಬೆಟ್ಟದ ಜೀವ’ (1943) ಹೇಳುತ್ತೇನೆ. ದಾರಿ ತಪ್ಪಿ ಬಂದ ಅತಿಥಿಯೊಬ್ಬನನ್ನು ಗೋಪಾಲಯ್ಯ, ಶಂಕರಮ್ಮ ದಂಪತಿ ಮನೆಯ ಮಗನಂತೆ ಉಪಚರಿಸುತ್ತಾರೆ. ಊಟ, ಸ್ನಾನ, ತೋಟ, ಮಳೆ, ಹುಲಿಯ ಭಯ ಇವುಗಳ ನಡುವೆ ಮನೆ ಬಿಟ್ಟುಹೋದ ಅವರ ಮಗನ ಪ್ರಸ್ತಾಪ ಆಗೊಮ್ಮೆ ಈಗೊಮ್ಮೆ ಮಾತ್ರ ಬರುತ್ತದೆ. ಆ ಮಾತನ್ನು ಅವರು ಎಷ್ಟು ಬೇಗ ಮುಗಿಸಿ ಬೇರೆ ವಿಷಯಕ್ಕೆ ಹೊರಳುತ್ತಾರೆ ಎಂಬುದನ್ನು ಗಮನಿಸಿದರೆ ದುಃಖದ ಆಳ ತಿಳಿಯುತ್ತದೆ.

‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯನ್ನು ಎಷ್ಟೋ ಬಾರಿ ಆರಂಭಿಸಿ ಅರ್ಧಕ್ಕೇ ಬಿಟ್ಟಿದ್ದೇನೆ. ಏನು ಮಾಡಲಿ?

ಈ ಪ್ರಶ್ನೆ ನನಗೆ ಬರುವಷ್ಟು ಬೇರೆ ಯಾವುದೂ ಬರುವುದಿಲ್ಲ. 1967ರಲ್ಲಿ ಪ್ರಕಟವಾದ ಕುವೆಂಪು ಅವರ ಈ ಕಾದಂಬರಿಗೆ ಕಥಾನಾಯಕ ಎಂಬವನೇ ಇಲ್ಲ. ಇಲ್ಲಿ ಯಾರೂ ಮುಖ್ಯರಲ್ಲ, ಯಾರೂ ಅಮುಖ್ಯರಲ್ಲ ಎಂದು ಕವಿಯೇ ಮೊದಲಿಗೆ ಹೇಳಿಬಿಡುತ್ತಾರೆ. ನಾವು ಮಾತ್ರ ಹಳೆಯ ಅಭ್ಯಾಸದಂತೆ ನಾಯಕನನ್ನು ಹುಡುಕುತ್ತ ಹೋಗಿ, ಮನೆಗಳ ಹೆಸರು, ಆಳುಗಳ ಹೆಸರು, ಒಕ್ಕಲುಗಳ ಹೆಸರು ಕಲಸಿಹೋಗಿ, ಬೇಸರದಿಂದ ಪುಸ್ತಕ ಮಡಚಿಡುತ್ತೇವೆ.

ಮೊದಲ ಓದಿನಲ್ಲಿ ಎಲ್ಲರನ್ನೂ ನೆನಪಿಟ್ಟುಕೊಳ್ಳುವ ಹಟ ಬೇಡ. ಗುತ್ತಿ ಮತ್ತು ಅವನ ನಾಯಿ ಹುಲಿಯನ ಜೊತೆ ನಡೆಯಿರಿ. ತಿಮ್ಮಿಯನ್ನು ಹಾರಿಸಿಕೊಂಡು ಬರಲು ಹೊರಟ ಗುತ್ತಿ ಕಾಡುದಾರಿಯಲ್ಲಿ ಯಾವ ಮನೆಯ ಮುಂದೆ ನಿಲ್ಲುತ್ತಾನೋ ಆ ಮನೆಯ ಕಥೆ ತಾನಾಗಿ ತೆರೆದುಕೊಳ್ಳುತ್ತದೆ. ಮುಂದೆ ಐತ ಮತ್ತು ಪೀಂಚಲು, ಮುಕುಂದಯ್ಯ ಮತ್ತು ಚಿನ್ನಮ್ಮ ಒಬ್ಬೊಬ್ಬರಾಗಿ ಪರಿಚಯವಾಗುತ್ತಾರೆ. ಹೆಗ್ಗಡೆಯ ಮನೆಯ ಉಪ್ಪರಿಗೆಗೆ ಕೊಡುವಷ್ಟೇ ಗಮನವನ್ನು ಕುವೆಂಪು ಹೊಲೆಗೇರಿಯ ಬಿಡಾರಕ್ಕೂ, ಬಿಡಾರಕ್ಕೆ ಕೊಡುವಷ್ಟನ್ನೇ ನಾಯಿಯ ಮೈಮೇಲಿನ ಉಣ್ಣಿಗೂ ಕೊಡುತ್ತಾರೆ. ಕಥೆ ನಿಂತಿತು ಎಂದು ನಮಗೆ ಅನ್ನಿಸುವ ಜಾಗಗಳಲ್ಲಿ ಬಹುಮಟ್ಟಿಗೆ ಇಂಥ ಗಮನವೇ ನಡೆಯುತ್ತಿರುತ್ತದೆ. ಅವಸರ ಮಾಡಿದವರಿಗೆ ಅದು ಸಿಗುವುದಿಲ್ಲ.

ಮನೆಯಲ್ಲಿ ಒಬ್ಬರು ಓದಿ ಉಳಿದವರು ಕೇಳುವಂತೆ, ಮಳೆಗಾಲ ಪೂರ್ತಿ ದಿನಕ್ಕೆ ಒಂದು ಅಧ್ಯಾಯದಂತೆ ಓದಿದರೆ ಈ ಕಾದಂಬರಿ ಸಲೀಸಾಗಿ ಸಾಗುತ್ತದೆ. ರಂಗಾಯಣ ಇದನ್ನು ಇಡೀ ರಾತ್ರಿಯ ನಾಟಕವಾಗಿ ಆಡಿದಾಗ ಜನ ಬೆಳಗಿನವರೆಗೆ ಕುಳಿತು ನೋಡಿದರು. ಪುಸ್ತಕವಾಗಿ ಕಷ್ಟವೆನಿಸಿದ್ದು ಧ್ವನಿಯಾಗಿ ಬಂದಾಗ ಹಾಗೆನಿಸಲಿಲ್ಲ ಎಂದು ನೋಡಿದವರು ಹೇಳುವುದನ್ನು ಕೇಳಿದ್ದೇನೆ, ಅದರಲ್ಲಿ ನನಗೆ ಆಶ್ಚರ್ಯವಿಲ್ಲ. ಇಷ್ಟಾಗಿಯೂ ಒಗ್ಗದಿದ್ದರೆ ‘ಕಾನೂರು ಹೆಗ್ಗಡಿತಿ’ (1936) ಮೊದಲು ಓದಿ. ಅದೇ ಮಲೆನಾಡು, ಆದರೆ ಕಥೆಯ ಎಳೆ ಹಿಡಿಯಲು ಸುಲಭ.

ಕಾದಂಬರಿಯ ಭಾಷೆ ನಮ್ಮ ಕಡೆಯದಲ್ಲದಿದ್ದರೆ ಓದುವುದು ಹೇಗೆ? ‘ಕುಸುಮಬಾಲೆ’ ಎರಡು ಪುಟವೂ ಅರ್ಥವಾಗಲಿಲ್ಲ.

ದೇವನೂರ ಮಹಾದೇವ ಅವರ ‘ಕುಸುಮಬಾಲೆ’ (1984) ನಂಜನಗೂಡು ಸೀಮೆಯ ಆಡುಮಾತಿನಲ್ಲಿದೆ. ಬರಿಯ ಸಂಭಾಷಣೆಯಲ್ಲ, ನಿರೂಪಣೆಯೂ ಅದೇ ಮಾತಿನಲ್ಲಿದೆ. ಧಾರವಾಡದವರಿಗೆ, ಕಲಬುರಗಿಯವರಿಗೆ, ಬೆಂಗಳೂರಿನಲ್ಲೇ ಹುಟ್ಟಿ ಬೆಳೆದವರಿಗೆ ಮೊದಲ ನೋಟಕ್ಕೆ ಅದು ಗಂಟುಗಂಟಾಗಿ ಕಾಣುವುದು ಸಹಜ. ಆದರೆ ಆ ಗಂಟು ಕಣ್ಣಿಗೆ ಮಾತ್ರ. ಮೊದಲ ಪುಟವನ್ನು ದನಿ ಎತ್ತಿ, ಅರ್ಥಕ್ಕಾಗಿ ನಿಲ್ಲದೆ, ಹಾಡಿನ ಓಟದಲ್ಲಿ ಓದಿ ನೋಡಿ. ಉಸಿರು ಎಲ್ಲಿ ನಿಲ್ಲುತ್ತದೋ ಅಲ್ಲಿ ವಾಕ್ಯ ಒಡೆಯುತ್ತದೆ, ಒಡೆದಲ್ಲಿ ಅರ್ಥ ಹೊಳೆಯುತ್ತದೆ. ಜೋತಮ್ಮಂದಿರು, ಅಂದರೆ ಮನೆಮನೆಯ ದೀಪದ ಜ್ಯೋತಿಗಳು, ರಾತ್ರಿ ಒಂದೆಡೆ ಸೇರಿ ತಮ್ಮ ತಮ್ಮ ಮನೆಯ ಸುದ್ದಿ ಮಾತಾಡಿಕೊಳ್ಳುವ ಭಾಗವನ್ನು ಮೌನವಾಗಿ ಓದಿದಾಗ ವಿಚಿತ್ರ ಕಲ್ಪನೆಯಂತೆ ತೋರಿದ್ದು, ದನಿಯಲ್ಲಿ ಕೇಳಿದಾಗ ಹಿತ್ತಿಲಲ್ಲಿ ನಾಲ್ಕು ಹೆಂಗಸರು ಆಡಿಕೊಳ್ಳುವ ಮಾತಾಗಿ ಕೇಳುತ್ತದೆ.

ಇದೇ ಉಪಾಯ ವೈದೇಹಿಯವರ ಕಥೆಗಳ ಕುಂದಾಪುರದ ಮಾತಿಗೂ, ರಾವಬಹದ್ದೂರರ ‘ಗ್ರಾಮಾಯಣ’ದ (1957) ಉತ್ತರ ಕರ್ನಾಟಕದ ಮಾತಿಗೂ ಅನ್ವಯಿಸುತ್ತದೆ. ಆ ಕಡೆಯ ಸ್ನೇಹಿತರಿದ್ದರೆ ಅವರಿಂದಲೇ ಒಂದೆರಡು ಪುಟ ಓದಿಸಿ ಕೇಳುವುದು ಇನ್ನೂ ಒಳ್ಳೆಯದು. ಒಮ್ಮೆ ರಾಗ ಕಿವಿಗೆ ಬಿದ್ದರೆ ಉಳಿದದ್ದನ್ನು ನೀವೇ ಓದಿಕೊಳ್ಳಬಲ್ಲಿರಿ.

ಓದುತ್ತಿರುವ ಪುಸ್ತಕ ಹಿಡಿಸದಿದ್ದರೆ ಅರ್ಧಕ್ಕೆ ಬಿಡಬಹುದೇ?

ಧಾರಾಳವಾಗಿ ಬಿಡಬಹುದು. ಆದರೆ ಯಾರಿಗಾದರೂ ಕೊಟ್ಟುಬಿಡುವ ಮೊದಲು ಕೆಲವು ವರ್ಷ ಕಪಾಟಿನಲ್ಲಿ ಇಟ್ಟುಕೊಳ್ಳಿ.

ಸಣ್ಣಕಥೆಯಲ್ಲಿ ದೊಡ್ಡದೇನೂ ನಡೆಯುವುದೇ ಇಲ್ಲ. ಅದರಲ್ಲಿ ಏನನ್ನು ನೋಡಬೇಕು?

ಸಣ್ಣಕಥೆಯಲ್ಲಿ ಏನಾಯಿತು ಎಂಬುದಕ್ಕಿಂತ ಯಾರು ಹೇಳುತ್ತಿದ್ದಾರೆ, ಯಾರಿಗೆ ಹೇಳುತ್ತಿದ್ದಾರೆ ಎಂಬುದನ್ನು ಮೊದಲು ನೋಡಬೇಕೆಂದು ನನ್ನ ಅನಿಸಿಕೆ. ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ ‘ಮೊಸರಿನ ಮಂಗಮ್ಮ’ ತೆಗೆದುಕೊಳ್ಳಿ. ಹಳ್ಳಿಯಿಂದ ಪಟ್ಟಣಕ್ಕೆ ಮೊಸರು ಮಾರಲು ಬರುವ ಹೆಂಗಸು, ದಿನವೂ ಮೊಸರು ಕೊಳ್ಳುವ ಮನೆಯಾಕೆಯ ಮುಂದೆ ಸೊಸೆಯ ಜಗಳ ಹೇಳಿಕೊಳ್ಳುತ್ತಾಳೆ. ಮೊಮ್ಮಗನಿಗೆ ತಾಯಿ ಹೊಡೆದಳು, ಅಜ್ಜಿ ತಡೆದಳು, ಅಲ್ಲಿಂದ ಮನೆ ಎರಡಾಯಿತು. ಕಥೆಯ ಸಂಗತಿ ಇಷ್ಟೇ. ಕೇಳುತ್ತಿರುವ ಮನೆಯಾಕೆಯ ಜೊತೆ ನಾವೂ ಮಂಗಮ್ಮನ ಪರ ನಿಂತುಬಿಡುತ್ತೇವೆ. ಆಮೇಲೆ ಸೊಸೆಯ ಮಾತು ಕೇಳುವ ಸಂದರ್ಭ ಬರುತ್ತದೆ, ಅವಳ ಮಾತೂ ನ್ಯಾಯವೆನ್ನಿಸುತ್ತದೆ. ಮಾಸ್ತಿಯವರು ತಮ್ಮ ಕಡೆಯಿಂದ ತೀರ್ಪು ಹೇಳುವುದಿಲ್ಲ. ಮೊಸರು ಅಳೆದು ಹಾಕುವಷ್ಟು ಹೊತ್ತಿನ ಮಾತುಕತೆಯಲ್ಲಿ ಒಂದು ಮನೆಯ ಅಧಿಕಾರ ಅತ್ತೆಯ ಕೈಯಿಂದ ಸೊಸೆಯ ಕೈಗೆ ಹೋಗುವ ನೋವನ್ನು ನಮ್ಮ ಎದುರಿಗಿಡುತ್ತಾರೆ. 1920ರಲ್ಲಿ ಅವರ ಮೊದಲ ಸಂಕಲನ ‘ಕೆಲವು ಸಣ್ಣ ಕಥೆಗಳು’ ಬಂದಾಗಿನಿಂದ ಕನ್ನಡದ ಸಣ್ಣಕಥೆಗೆ ಈ ಹೇಳುವ, ಕೇಳುವ ಸಂಬಂಧ ಅಂಟಿಕೊಂಡೇ ಬಂದಿದೆ.

ಇನ್ನೊಂದು ಬಗೆಯ ಉದಾಹರಣೆಗೆ ದೇವನೂರರ ನೀಳ್ಗತೆ ‘ಒಡಲಾಳ’ವನ್ನು ನೋಡಬಹುದು. ಸಾಕವ್ವ ಕಳೆದುಹೋದ ತನ್ನ ಹುಂಜಕ್ಕಾಗಿ ಹುಡುಕುತ್ತ ಅಲೆಯುವುದರೊಂದಿಗೆ ಕಥೆ ತೊಡಗುತ್ತದೆ. ಕದ್ದು ತಂದ ಕಡಲೆಕಾಯಿಯನ್ನು ಮನೆಮಂದಿಯೆಲ್ಲ ಬೆಂಕಿಯ ಸುತ್ತ ಕುಳಿತು ಒಂದೇ ರಾತ್ರಿಯಲ್ಲಿ ತಿಂದು ಮುಗಿಸುವ ಭಾಗವನ್ನು ಅವಸರವಿಲ್ಲದೆ ಓದಿ. ಅಲ್ಲಿ ಬಡತನದ ಕುರಿತು ಒಂದೇ ಒಂದು ಭಾಷಣವಿಲ್ಲ. ಸಿಪ್ಪೆ ಒಡೆಯುವ ಸದ್ದು, ನಗು, ಕೀಟಲೆ, ಮಕ್ಕಳ ನಿದ್ದೆಗಣ್ಣು ಇವಿಷ್ಟೇ ಇವೆ. ಬೆಳಗಾದ ಮೇಲೆ ಪೊಲೀಸರು ಬಂದು ಮನೆ ಜಾಲಾಡುತ್ತಾರೆ. ಹಸಿವು ಎಂಬ ಮಾತನ್ನು ಹತ್ತು ಬಾರಿ ಬರೆದಿದ್ದರೂ ಆ ರಾತ್ರಿಯ ಸಂತೋಷ ಹೇಳುವಷ್ಟನ್ನು ಹೇಳಲಾಗುತ್ತಿರಲಿಲ್ಲ.

ಕಥಾಸಂಕಲನವನ್ನು ಮೊದಲ ಪುಟದಿಂದ ಕೊನೆಯವರೆಗೆ ಒಂದೇ ಸಮನೆ ಓದಬಹುದೇ?

ಬೇಡ. ದಿನಕ್ಕೊಂದು ಕಥೆ ಸಾಕು. ಒಂದರ ಮೇಲೊಂದು ಓದಿದರೆ ಎರಡನೆಯ ಕಥೆಯ ಜನ ಮೊದಲನೆಯ ಕಥೆಯವರನ್ನು ಹೊರಗಟ್ಟಿಬಿಡುತ್ತಾರೆ. ಯಶವಂತ ಚಿತ್ತಾಲರಂತಹ ಲೇಖಕರ ಕಥೆಗಳಲ್ಲಿ ಅವರ ಹುಟ್ಟೂರು ಹನೇಹಳ್ಳಿ ಮತ್ತೆ ಮತ್ತೆ ಬರುವುದರಿಂದ ಸ್ವಲ್ಪ ಮಟ್ಟಿಗೆ ಇದಕ್ಕೆ ವಿನಾಯಿತಿ ಕೊಡಬಹುದು. ಅಲ್ಲಿ ಊರೇ ಮುಂದುವರಿಯುತ್ತಿರುತ್ತದೆ. ಮುನ್ನುಡಿಯನ್ನು ಕಥೆಗಳಾದ ಮೇಲೆ ಓದಿ. ನಮ್ಮಲ್ಲಿ ಮುನ್ನುಡಿ ಬರೆಯುವ ಹಿರಿಯರು ಕಥೆಯ ಅಂತ್ಯವನ್ನು ಸಂಕೋಚವಿಲ್ಲದೆ ಹೇಳಿಬಿಡುತ್ತಾರೆ.

ತ್ರಿವೇಣಿ, ಎಂ.ಕೆ. ಇಂದಿರಾ ಮುಂತಾದವರ ಕಾದಂಬರಿಗಳು ‘ಮನೆಯ ಹೆಂಗಸರು ಮಧ್ಯಾಹ್ನ ಓದುವ ಪುಸ್ತಕಗಳು’ ಎಂದು ಕೆಲವರು ಹೇಳುತ್ತಾರೆ. ಅವುಗಳನ್ನು ಗಂಭೀರವಾಗಿ ಪರಿಗಣಿಸಬೇಕೇ?

ಖಂಡಿತವಾಗಿ ಪರಿಗಣಿಸಬೇಕು, ಮತ್ತು ಈ ಮಾತನ್ನು ಹಗುರವಾಗಿ ಆಡುವವರ ಜೊತೆ ನಾನು ಈಗಲೂ ವಾದಕ್ಕೆ ಇಳಿಯುತ್ತೇನೆ. ಮಧ್ಯಾಹ್ನ ಊಟದ ಪಾತ್ರೆ ತೊಳೆದಿಟ್ಟು, ಸಂಜೆಯ ಕಾಫಿಗೆ ಮೊದಲು ಸಿಗುವ ಒಂದು ಗಂಟೆಯಲ್ಲಿ ಓದುತ್ತಿದ್ದ ಲಕ್ಷಾಂತರ ಹೆಂಗಸರೇ ಕನ್ನಡ ಕಾದಂಬರಿಯನ್ನು ಬದುಕಿಸಿದವರು. ವಾರಪತ್ರಿಕೆಗಳ ಧಾರಾವಾಹಿಗಳಿಗೂ, ಬಾಡಿಗೆಗೆ ಪುಸ್ತಕ ಕೊಡುತ್ತಿದ್ದ ಬಡಾವಣೆಯ ಸರ್ಕ್ಯುಲೇಟಿಂಗ್ ಲೈಬ್ರರಿಗಳಿಗೂ ಅವರೇ ಆಧಾರ.

ಮನಶ್ಶಾಸ್ತ್ರ ಓದಿದ್ದ ತ್ರಿವೇಣಿ ತೀರಿಕೊಂಡದ್ದು 1963ರಲ್ಲಿ, ಮೂವತ್ತೈದರ ಆಸುಪಾಸಿನಲ್ಲಿ. ಅಷ್ಟರೊಳಗೆ ಅವರು ಬರೆದ ‘ಶರಪಂಜರ’ದಲ್ಲಿ ಹೆರಿಗೆಯ ನಂತರ ಮನಸ್ಸಿನ ಸ್ವಾಸ್ಥ್ಯ ಕಳೆದುಕೊಂಡು ಆಸ್ಪತ್ರೆಯಲ್ಲಿ ಗುಣವಾಗಿ ಬಂದ ಕಾವೇರಿಯನ್ನು ಮನೆಯವರೂ ನೆರೆಯವರೂ ಗುಣವಾದವಳೆಂದು ನಂಬಲು ಒಪ್ಪುವುದೇ ಇಲ್ಲ. ಅವಳು ನಕ್ಕರೂ ಅನುಮಾನ, ಸಿಟ್ಟು ಮಾಡಿದರೂ ಅನುಮಾನ. ಮಾನಸಿಕ ಆರೋಗ್ಯದ ಮಾತು ಇಷ್ಟೊಂದು ಕೇಳಿಬರುವ ಈ ಕಾಲದಲ್ಲಿ ಅದನ್ನು ಓದಿದರೆ, ಕಾಯಿಲೆಗಿಂತ ನೋಡುವವರ ಕಣ್ಣು ಹೆಚ್ಚು ನೋಯಿಸುತ್ತದೆ ಎಂಬುದನ್ನು ಅವರು ಎಷ್ಟು ಮೊದಲೇ ಕಂಡಿದ್ದರೆಂದು ಅಚ್ಚರಿಯಾಗುತ್ತದೆ. ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ (1976) ಬಾಲವಿಧವೆಯೊಬ್ಬಳ ದೀರ್ಘ ಬದುಕನ್ನು ಗೋಳಿನ ದನಿಯಿಲ್ಲದೆ ಹೇಳುತ್ತದೆ. ಮಡಿ, ನೇಮ ಎಲ್ಲವನ್ನೂ ಪಾಲಿಸಿಕೊಂಡು ಬಂದ ಮುದುಕಿ, ತನಗಾದದ್ದು ಮತ್ತೊಬ್ಬ ಹುಡುಗಿಗೆ ಆಗಕೂಡದು ಎಂದು ಮೆಲುದನಿಯಲ್ಲೇ ಗಟ್ಟಿಯಾಗಿ ನಿಲ್ಲುತ್ತಾಳೆ. ಇವರಿಗಿಂತ ಹಿಂದೆ ಬದುಕಿದ್ದು ಇಪ್ಪತ್ತೇಳೇ ವರ್ಷವಾದ ಕೊಡಗಿನ ಗೌರಮ್ಮನವರ (1912–1939) ಕಥೆಗಳನ್ನೂ ಹುಡುಕಿ ಓದಿ.

ಸಿನಿಮಾ ನೋಡಿದ ಮೇಲೆ ಮೂಲ ಕಾದಂಬರಿ ಓದುವ ಅಗತ್ಯವಿದೆಯೇ?

ಇದೆ. ‘ಚೋಮನ ದುಡಿ’ಯ ಸಿನಿಮಾ ನೋಡಿದವರಿಗೆ ಚೋಮನ ಮುಖ ಗೊತ್ತು, ಆದರೆ ಬೇಸಾಯದ ಒಂದು ತುಂಡು ನೆಲಕ್ಕಾಗಿ ಅವನ ಮನಸ್ಸು ಒಳಗೊಳಗೆ ಹೇಗೆ ಹೊಯ್ದಾಡಿತು ಎಂಬುದಕ್ಕೆ ಶಿವರಾಮ ಕಾರಂತರ 1933ರ ಕಾದಂಬರಿಗೇ ಬರಬೇಕು.

ಅನುವಾದಗಳನ್ನು ಓದಬೇಕೇ, ಕನ್ನಡದ ಸ್ವಂತ ಕೃತಿಗಳಷ್ಟೇ ಸಾಕೇ?

ಕನ್ನಡಿಗರಿಗೆ ಕಾದಂಬರಿ ಓದುವ ರೂಢಿ ಬಂದದ್ದೇ ಬಹುಪಾಲು ಅನುವಾದಗಳಿಂದ. ಬಿ. ವೆಂಕಟಾಚಾರ್ಯರು ಬಂಕಿಮಚಂದ್ರರ ಬಂಗಾಳಿ ಕಾದಂಬರಿಗಳನ್ನು ಕನ್ನಡಕ್ಕೆ ತಂದು ಹಳೆ ಮೈಸೂರಿನ ಕಡೆ ಓದುಗರನ್ನು ಸಂಪಾದಿಸಿದರು. ಗಳಗನಾಥರು ಮರಾಠಿಯ ಐತಿಹಾಸಿಕ ಕಾದಂಬರಿಗಳ ಜಾಡಿನಲ್ಲಿ ಬರೆದು, ಪುಸ್ತಕಗಳ ಗಂಟನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿ ಉತ್ತರ ಕರ್ನಾಟಕದಲ್ಲಿ ಅದೇ ಕೆಲಸ ಮಾಡಿದರು. ಆದ್ದರಿಂದ ಅನುವಾದವನ್ನು ಎರಡನೆಯ ದರ್ಜೆಯ ಓದೆಂದು ತಿಳಿಯುವುದಕ್ಕೆ ನಮಗೆ ಯಾವ ಕಾರಣವೂ ಇಲ್ಲ.

ಈಗ ಪ್ರಯಾಣ ಹೊರಮುಖವಾಗಿಯೂ ನಡೆದಿದೆ. ಹಾಸನದ ಬಾನು ಮುಷ್ತಾಕ್ ಅವರ ಹನ್ನೆರಡು ಕಥೆಗಳನ್ನು ದೀಪಾ ಭಾಸ್ತಿ ಇಂಗ್ಲಿಷಿಗೆ ಅನುವಾದಿಸಿದ ‘ಹಾರ್ಟ್ ಲ್ಯಾಂಪ್’ ಸಂಕಲನಕ್ಕೆ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದಿತು. ಕಾದಂಬರಿಗಳಿಗೇ ಸಲ್ಲುತ್ತಿದ್ದ ಆ ಗೌರವ ಮೊದಲ ಬಾರಿಗೆ ಸಣ್ಣಕಥೆಗಳ ಸಂಕಲನಕ್ಕೆ ದೊರೆತದ್ದು ಕನ್ನಡದ ಮೂಲಕ ಎಂಬುದು ಕಥೆ ಬರೆಯುವ, ಓದುವ ಎಲ್ಲರಿಗೂ ಸಲ್ಲಬೇಕಾದ ಸಂತೋಷ. ಕನ್ನಡ ಬಲ್ಲವರು ಆ ಕಥೆಗಳನ್ನು ಕನ್ನಡದಲ್ಲೇ ಓದಬೇಕೆಂದು ಕೇಳಿಕೊಳ್ಳುತ್ತೇನೆ. ಉರ್ದು ಬೆರೆತ ಆ ಮನೆಮಾತಿನ ಏರಿಳಿತ ಅಲ್ಲಿಯೇ ಪೂರ್ಣವಾಗಿ ಕೇಳುತ್ತದೆ.

ಮಕ್ಕಳಿಗೆ ಯಾವ ವಯಸ್ಸಿನಲ್ಲಿ ಯಾವ ಪುಸ್ತಕ ಕೊಡಬೇಕು?

ವಯಸ್ಸಿನ ಪಟ್ಟಿಯನ್ನು ನಾನು ಹೆಚ್ಚು ನಂಬುವುದಿಲ್ಲ. ಒಂದೇ ವಯಸ್ಸಿನ ಇಬ್ಬರು ಮಕ್ಕಳ ಕಿವಿ ಒಂದೇ ಬಗೆಯದಾಗಿರುವುದಿಲ್ಲ. ಆದರೂ ದಾರಿಗೆ ಒಂದು ಗುರುತು ಬೇಕೆನ್ನುವವರಿಗಾಗಿ ಹೇಳುತ್ತೇನೆ.

ಅಕ್ಷರ ಬರುವ ಮೊದಲು ಬೇಕಾದದ್ದು ಸದ್ದು. ಜಿ.ಪಿ. ರಾಜರತ್ನಂ ಅವರ ತುತ್ತೂರಿಯ ಪದ್ಯ, ಪಂಜೆ ಮಂಗೇಶರಾಯರ ಹಾವಿನ ಹಾಡು, ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ ಇವು ಮಗುವಿನ ಬಾಯಲ್ಲಿ ಆಡುವಂಥವು. ಕಿಂದರಿಜೋಗಿಯ ಕಥೆ ಬ್ರೌನಿಂಗನ ಇಂಗ್ಲಿಷ್ ಕವನದಿಂದ ಬಂದದ್ದು. ಆದರೆ ಅಣ್ಣಿಲಿ, ತಮ್ಮಿಲಿ, ಮಾವಿಲಿ, ಭಾವಿಲಿ ಎಂದು ಇಲಿಗಳ ಹಿಂಡೆಲ್ಲ ನೆಂಟಸ್ತಿಕೆ ಹೇಳಿಕೊಂಡು ಓಡೋಡಿ ಬರುವ ಸಂಭ್ರಮ ಕನ್ನಡದ್ದೇ. ಆ ಸಾಲುಗಳನ್ನು ಕೇಳಿದ ಮಗು ತನ್ನ ಮನೆಯವರ ಹೆಸರನ್ನೆಲ್ಲ ಇಲಿಯಾಗಿಸಿ ಕರೆಯಲು ತೊಡಗಿದರೆ ಕವಿತೆ ತಲುಪಿತೆಂದು ತಿಳಿಯಬಹುದು.

ಕಥೆ ಕೇಳುವ ವಯಸ್ಸಿಗೆ ಅನುಪಮಾ ನಿರಂಜನ ಅವರ ‘ದಿನಕ್ಕೊಂದು ಕಥೆ’ಯ ಹನ್ನೆರಡು ಸಂಪುಟಗಳು ಅನೇಕ ಮನೆಗಳಲ್ಲಿ ಹಾಸಿಗೆಯ ಪಕ್ಕದ ಪುಸ್ತಕಗಳಾಗಿದ್ದವು, ಇಂದಿಗೂ ಆಗಬಲ್ಲವು. ಪಂಜೆಯವರ ‘ಸಿಗಡಿ ಯಾಕೆ ಒಣಗಲಿಲ್ಲ?’ ಪ್ರಶ್ನೆಯಿಂದ ಪ್ರಶ್ನೆ ಹುಟ್ಟುತ್ತ ಸಾಗುವ ಕಥೆ. ಮೂರನೆಯ ಪ್ರಶ್ನೆಯ ಹೊತ್ತಿಗೆ ಮಗು ತಾನೇ ಮುಂದಿನದನ್ನು ಹೇಳಲು ಆರಂಭಿಸುತ್ತದೆ. ಶಾಲೆಗಳ ಮೇಲ್ವಿಚಾರಣೆಯ ಕೆಲಸದಲ್ಲಿ ತರಗತಿಗಳನ್ನು ಹತ್ತಿರದಿಂದ ಕಂಡಿದ್ದ ಪಂಜೆಯವರಿಗೆ (1874–1937) ಮಕ್ಕಳ ಗಮನ ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದು ಚೆನ್ನಾಗಿ ತಿಳಿದಿತ್ತು.

ತಾನೇ ಓದುವ ಹುಡುಗ, ಹುಡುಗಿಯರ ವಿಷಯ ಬಂದಾಗ ಕನ್ನಡದ ಕೊರತೆ ಕಾಣುತ್ತದೆ. ಪದ್ಯ, ಪುಟ್ಟ ಕಥೆ, ಮಹಾಪುರುಷರ ಜೀವನಚರಿತ್ರೆಗಳು ಬೇಕಾದಷ್ಟಿವೆ. ಹತ್ತರಿಂದ ಹದಿನಾಲ್ಕು ವರ್ಷದವರು ಕೂತಲ್ಲೇ ಮುಳುಗಿಹೋಗುವಂತಹ ಕಾದಂಬರಿಗಳು ಬೇಕಾದಷ್ಟಿಲ್ಲ. ಇರುವವುಗಳಲ್ಲಿ ನಾ. ಡಿಸೋಜ ಅವರ ‘ಮುಳುಗಡೆಯ ಊರಿಗೆ ಬಂದವರು’ ನನಗೆ ಬಹಳ ಮುಖ್ಯವಾದದ್ದು. 2011ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ ಸಂದಿತು. ಶರಾವತಿಯ ಮುಳುಗಡೆಯನ್ನು ಕಣ್ಣಾರೆ ಕಂಡು ದೊಡ್ಡವರಿಗಾಗಿ ‘ದ್ವೀಪ’ ಬರೆದ ಲೇಖಕ, ಮಕ್ಕಳಿಗೆ ಬರೆಯುವಾಗಲೂ ಅದೇ ಸತ್ಯವನ್ನು ಹೇಳಬಹುದೆಂದು ನಂಬಿದರು. ಅದರ ಹಿಂದಿನ ವರ್ಷ ಅದೇ ಪುರಸ್ಕಾರ ಪಡೆದ ಬೊಳುವಾರು ಮಹಮದ್ ಕುಂಞಿ ಅವರ ‘ಪಾಪು ಗಾಂಧಿ, ಬಾಪು ಗಾಂಧಿ ಆದ ಕತೆ’ ಜೀವನಚರಿತ್ರೆಯಾಗಿದ್ದೂ ಕಥೆಯ ಓಟದಲ್ಲಿ ಸಾಗುತ್ತದೆ. ಇವು ಮುಗಿದ ಮೇಲೆ ತೇಜಸ್ವಿಯವರ ‘ಪರಿಸರದ ಕತೆ’ ಕೊಟ್ಟು ಸುಮ್ಮನಿದ್ದುಬಿಡಿ. ಮುಂದಿನ ದಾರಿಯನ್ನು ಮಕ್ಕಳೇ ಹುಡುಕಿಕೊಳ್ಳುತ್ತಾರೆ.

ಒಂದು ಎಚ್ಚರಿಕೆ: ಮಗು ಮುಖ್ಯ ಪಾತ್ರವಾಗಿರುವ ಪುಸ್ತಕವೆಲ್ಲ ಮಕ್ಕಳ ಪುಸ್ತಕವಲ್ಲ. ಶ್ರೀಕೃಷ್ಣ ಆಲನಹಳ್ಳಿಯವರ ‘ಕಾಡು’ ಕಿಟ್ಟಿ ಎಂಬ ಹುಡುಗನ ಕಣ್ಣಿನಲ್ಲಿ ನಡೆಯುತ್ತದೆ, ಆದರೆ ಅವನು ಕಾಣುವ ದ್ವೇಷ, ಕಾಮ, ಕೊಲೆಗಳನ್ನು ತೂಗಿ ನೋಡಲು ದೊಡ್ಡವರ ಮನಸ್ಸೇ ಬೇಕು.

ಮಕ್ಕಳ ಪುಸ್ತಕದಲ್ಲಿ ನೀತಿ ಇರಲೇಬೇಕೇ?

ಇರಬಾರದೆಂದೇನಿಲ್ಲ, ಆದರೆ ಅದು ಕೊನೆಯ ಸಾಲಿನಲ್ಲಿ ‘ಈ ಕಥೆಯ ನೀತಿ’ ಎಂಬ ತಲೆಬರಹದಡಿ ಬಂದು ನಿಲ್ಲಬಾರದು. ರಾಜರತ್ನಂ ಅವರ ತುತ್ತೂರಿಯ ಪದ್ಯದಲ್ಲಿ ನೀತಿ ಇದೆ. ಜಂಬ ಪಟ್ಟ ಕಸ್ತೂರಿಗೆ ಶಾಸ್ತಿಯಾಗುತ್ತದೆ. ಅದನ್ನು ಹೇಳುವ ರೀತಿ ನೋಡಿ. ಮೊದಲು ತುತ್ತೂರಿಯಲ್ಲಿ ಏಳು ಸ್ವರಗಳೂ ಏರುತ್ತವೆ, ಇಳಿಯುತ್ತವೆ. ತುತ್ತೂರಿ ಕೊಳಕ್ಕೆ ಜಾರಿ ನೀರು ಕುಡಿದ ಮೇಲೆ ಸ್ವರವೆಲ್ಲ ಹೋಗಿ ‘ಗಗಗಗ’ ಎಂಬ ಒಂದೇ ಸದ್ದು ಉಳಿಯುತ್ತದೆ. ಜಂಬದ ಗತಿ ಏನೆಂಬುದನ್ನು ಮಗು ಬುದ್ಧಿಮಾತಾಗಿ ಕೇಳುವುದಿಲ್ಲ, ತನ್ನ ಗಂಟಲಿನಲ್ಲೇ ಅನುಭವಿಸಿ ನಗುತ್ತದೆ.

ಮಕ್ಕಳ ಪುಸ್ತಕವನ್ನು ಕೊಳ್ಳುವ ಮುನ್ನ ಅಂಗಡಿಯಲ್ಲೇ ಒಂದು ಪುಟವನ್ನು ಮೆಲುದನಿಯಲ್ಲಿ ಓದಿ ನೋಡಿ. ನಿಮ್ಮ ನಾಲಿಗೆ ಎಡವಿದರೆ, ‘ಅತ್ಯಂತ’, ‘ಪ್ರಯುಕ್ತ’, ‘ಆದುದರಿಂದ’ ಎಂಬಂಥ ಮಾತುಗಳು ಇಲಿ, ಬೆಕ್ಕುಗಳ ಬಾಯಲ್ಲಿ ಬಂದರೆ, ಚಿತ್ರ ಎಷ್ಟೇ ಅಂದವಾಗಿದ್ದರೂ ಆ ಪುಸ್ತಕವನ್ನು ಹಿಂದಿಡಿ. ದೊಡ್ಡವರ ಪುಸ್ತಕದಲ್ಲಿ ಒರಟು ಗದ್ಯವನ್ನು ವಿಚಾರಕ್ಕಾಗಿ ಸಹಿಸಿಕೊಳ್ಳಬಹುದು. ಮಗುವಿನಿಂದ ಅದನ್ನು ನಿರೀಕ್ಷಿಸುವುದು ಅನ್ಯಾಯ.

ಗೋವಿನ ಹಾಡಿನಲ್ಲಿ ಕೊನೆಗೆ ಹುಲಿ ಸಾಯುತ್ತದೆ. ಎಳೆಯ ಮಕ್ಕಳಿಗೆ ಅದನ್ನು ಹಾಗೆಯೇ ಹೇಳಬಹುದೇ?

ಹುಲಿಯೂ ಹಸುವೂ ಸ್ನೇಹಿತರಾದರು ಎಂದು ಅಂತ್ಯವನ್ನು ತಿದ್ದಿ ಹೇಳುವವರಿದ್ದಾರೆ. ಅವರ ಕಾಳಜಿ ನನಗೆ ಅರ್ಥವಾಗುತ್ತದೆ, ಆದರೆ ಒಪ್ಪಿಗೆಯಿಲ್ಲ. ಆ ಹಾಡಿನಲ್ಲಿ ಎಲ್ಲಕ್ಕಿಂತ ಕಠಿಣವಾದದ್ದು ಹುಲಿಯ ಸಾವಲ್ಲ. ಯಾರ ಮೊಲೆಯನು ಕುಡಿಯಲಮ್ಮ, ಯಾರ ಸೇರಿ ಬದುಕಲಮ್ಮ ಎಂದು ಕರು ಕೇಳುವ ಜಾಗ. ತಾಯಿ ಇಲ್ಲದ ನಾಳೆಯನ್ನು ಊಹಿಸಿಕೊಂಡು ಮಗು ನಡುಗುವುದು ಅಲ್ಲಿ. ಅಷ್ಟು ದೊಡ್ಡ ಭಯವನ್ನು ಎಬ್ಬಿಸಿದ ಹಾಡು, ಅದಕ್ಕೆ ಸಮನಾದ ತೂಕದ ಅಂತ್ಯವನ್ನೇ ಕೊಡಬೇಕಾಗುತ್ತದೆ. ಹುಲಿಗೂ ಮನಸ್ಸಿತ್ತು, ಅದೂ ಕರಗಿತು, ತಾನು ಮಾಡಹೊರಟದ್ದನ್ನು ತಾಳಲಾರದೆ ಪ್ರಾಣ ಬಿಟ್ಟಿತು. ಅಳು ಬಂದರೆ ಮಗು ನಮ್ಮ ಮಡಿಲಲ್ಲೇ ಇರುತ್ತದಲ್ಲ, ಅಳಲಿ. ‘ಹುಲಿ ಹಸಿದಿತ್ತಲ್ಲ, ಅದರದೇನು ತಪ್ಪು?’ ಎಂದು ಕೇಳಿದರೆ ಅವಸರದ ಉತ್ತರ ಕೊಡಬೇಡಿ. ತಲೆಮಾರುಗಳಿಂದ ದೊಡ್ಡವರೂ ಆ ಪ್ರಶ್ನೆಯನ್ನು ಕೇಳುತ್ತಲೇ ಬಂದಿದ್ದಾರೆ.

ನಮ್ಮ ಮಗು ಇಂಗ್ಲಿಷ್ ಮಾಧ್ಯಮದಲ್ಲಿ ಓದುತ್ತದೆ, ನಾವಿರುವುದು ಹೊರದೇಶದಲ್ಲಿ. ಕನ್ನಡ ಪುಸ್ತಕ ಮುಟ್ಟುವುದೇ ಇಲ್ಲ. ಏನು ಮಾಡಬೇಕು?

ಇಂಗ್ಲಿಷಿನಲ್ಲಿ ದಪ್ಪ ದಪ್ಪ ಕಾದಂಬರಿ ಓದುವ ಹತ್ತು ವರ್ಷದ ಮಗುವಿನ ಕೈಗೆ, ಅದರ ಕನ್ನಡ ಓದು ಎರಡನೆಯ ತರಗತಿಯ ಮಟ್ಟದಲ್ಲಿದೆ ಎಂಬ ಕಾರಣಕ್ಕೆ ‘ಆನೆ ಬಂತೊಂದಾನೆ’ ಕೊಟ್ಟರೆ ಅದಕ್ಕೆ ಅವಮಾನವಾಗುತ್ತದೆ. ಒತ್ತಕ್ಷರ ಬಿಡಿಸಿ ಓದುವ ವೇಗ ಕಡಿಮೆ ಇರಬಹುದು, ಕಥೆಯನ್ನು ಗ್ರಹಿಸುವ ಬುದ್ಧಿ ಕಡಿಮೆಯಿಲ್ಲ. ಆದ್ದರಿಂದ ಓದುವ ಕೆಲಸವನ್ನು ದೊಡ್ಡವರು ವಹಿಸಿಕೊಂಡು, ಕೇಳುವ ಸುಖವನ್ನು ಮಗುವಿಗೆ ಬಿಡುವುದು ಸರಿಯಾದ ದಾರಿ. ದಿನವೂ ರಾತ್ರಿ ಹತ್ತು ನಿಮಿಷ, ವಯಸ್ಸಿಗೆ ತಕ್ಕ ಕುತೂಹಲದ ಕಥೆಯನ್ನು ಗಟ್ಟಿಯಾಗಿ ಓದಿ, ರೋಚಕವಾದ ಜಾಗದಲ್ಲಿ ನಿಲ್ಲಿಸಿ. ಪುಸ್ತಕವನ್ನು ಮಗುವಿನ ಕೈಗೆಟುಕುವಲ್ಲಿ ಇಡಿ.

ಊರಿನಲ್ಲಿರುವ ಅಜ್ಜ, ಅಜ್ಜಿಯರಿಂದ ಕಥೆ ಓದಿಸಿ, ವಾಟ್ಸ್ಆ್ಯಪಿನಲ್ಲಿ ದನಿಯನ್ನು ತರಿಸಿಕೊಳ್ಳುವ ಕುಟುಂಬಗಳನ್ನು ಕಂಡಿದ್ದೇನೆ. ಮಗು ಪುಟ ತಿರುವುತ್ತ ಆ ದನಿಯನ್ನು ಹಿಂಬಾಲಿಸುವಾಗ ಅಕ್ಷರಗಳು ತಾವಾಗಿ ಕೂಡಿಕೊಳ್ಳುತ್ತವೆ. ಚಿತ್ರಪುಸ್ತಕಗಳಿಗೆ ಪ್ರಥಮ್ ಬುಕ್ಸ್ ಸಂಸ್ಥೆಯ ಸ್ಟೋರಿವೀವರ್ ತಾಣವಿದೆ. ಅಲ್ಲಿನ ಕನ್ನಡ ಕಥೆಗಳನ್ನು ಹಣ ಕೊಡದೆ ಓದಬಹುದು, ಇಳಿಸಿಕೊಂಡು ಮುದ್ರಿಸಲೂಬಹುದು. ಅನುವಾದದ ಗುಣ ಎಲ್ಲ ಪುಸ್ತಕಗಳಲ್ಲಿ ಒಂದೇ ಸಮನಿಲ್ಲದ ಕಾರಣ, ಮೊದಲು ನೀವೇ ಒಮ್ಮೆ ಓದಿಕೊಳ್ಳಿ.

ಆಡಿಯೋ ಪುಸ್ತಕ ಕೇಳುವುದನ್ನು ಓದು ಎನ್ನಬಹುದೇ?

ಎನ್ನಬಹುದು. ಕುಮಾರವ್ಯಾಸನನ್ನು ಗಮಕಿಗಳ ಬಾಯಿಂದ ಕೇಳಿ ಆಸ್ವಾದಿಸಿದ ನಾಡು ನಮ್ಮದು. ಓದುವವರ ದನಿಯಲ್ಲಿ ನಾಟಕೀಯತೆ ಹೆಚ್ಚಾದರೆ ಮಾತ್ರ ಕಾದಂಬರಿ ಕೆಡುತ್ತದೆ.

ಹಳೆಯ ಪುಸ್ತಕಗಳು ಅಂಗಡಿಯಲ್ಲಿ ಸಿಗುವುದಿಲ್ಲ. ಎಲ್ಲಿ ಹುಡುಕಬೇಕು?

ಮೊದಲು ನಿಮ್ಮ ಊರಿನ ಸಾರ್ವಜನಿಕ ಗ್ರಂಥಾಲಯಕ್ಕೆ ಹೋಗಿ. 1965ರ ಕಾಯಿದೆಯ ಫಲವಾಗಿ ಬೆಳೆದ ಈ ಗ್ರಂಥಾಲಯಗಳಿಗಾಗಿ ನಾವು ಆಸ್ತಿ ತೆರಿಗೆಯ ಜೊತೆಗೆ ಸೆಸ್ ಕಟ್ಟುತ್ತಿದ್ದೇವೆ. ಪತ್ರಿಕೆ ಓದುವುದಕ್ಕಷ್ಟೇ ಅವನ್ನು ಬಳಸುವುದು ನಷ್ಟ. ಹಳ್ಳಿಗಳಲ್ಲಿ ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ, ಮಕ್ಕಳಿಗೆ ಅಲ್ಲಿ ಸದಸ್ಯತ್ವ ಸುಲಭ. ಧಾರವಾಡಕ್ಕೆ ಹೋದವರು 1933ರಿಂದ ಪುಸ್ತಕ ಪ್ರಕಟಿಸುತ್ತಿರುವ ಮನೋಹರ ಗ್ರಂಥಮಾಲೆಯ ಅಟ್ಟವನ್ನು ಹತ್ತಿ ಬನ್ನಿ. ಹೆಗ್ಗೋಡಿನ ಅಕ್ಷರ ಪ್ರಕಾಶನ ಅಂಚೆಯ ಮೂಲಕವೂ ಪುಸ್ತಕ ಕಳಿಸುತ್ತದೆ. ಹಳೆಯ ಪ್ರತಿ ಕೊಳ್ಳುವಾಗ ಕೊನೆಯ ಪುಟಗಳು ಇವೆಯೇ ಎಂದು ಎಣಿಸಿ ನೋಡಿ.

ಓದಿದ್ದೆಲ್ಲ ಮರೆತುಹೋಗುತ್ತದೆ. ಟಿಪ್ಪಣಿ ಮಾಡಿಕೊಳ್ಳಬೇಕೇ?

ಕಥೆಯ ಸಾರಾಂಶ ಬರೆದಿಡುವುದರಿಂದ ಹೆಚ್ಚು ಪ್ರಯೋಜನವಿಲ್ಲ. ಅದು ಬೆನ್ನುಡಿಯಲ್ಲೇ ಇರುತ್ತದೆ. ನಿಮಗೆ ಹಿಡಿಸಿದ ಒಂದು ವಾಕ್ಯವನ್ನು, ಪುಟಸಂಖ್ಯೆಯೊಂದಿಗೆ, ಕೈಯಿಂದ ಬರೆದಿಟ್ಟುಕೊಳ್ಳಿ. ಕೆಲವು ವರ್ಷಗಳ ನಂತರ ಆ ವಾಕ್ಯವನ್ನು ಓದಿದಾಗ ಸುತ್ತಲಿನ ಸನ್ನಿವೇಶ ಬಹುಮಟ್ಟಿಗೆ ಮರಳಿ ಬರುತ್ತದೆ. ಮರಳದಿದ್ದರೆ ಪುಸ್ತಕವನ್ನು ಮತ್ತೆ ಓದುವ ಕಾಲ ಬಂದಿದೆ ಎಂದರ್ಥ. ಮರು ಓದಿನಲ್ಲಿ ನಮ್ಮ ಒಲವು ಒಂದು ಪಾತ್ರದಿಂದ ಇನ್ನೊಂದಕ್ಕೆ ಸರಿಯುವುದುಂಟು: ಕಾಲೇಜಿನ ದಿನಗಳಲ್ಲಿ ಅನಂತಮೂರ್ತಿಯವರ ‘ಸಂಸ್ಕಾರ’ (1965) ಓದಿದವರಿಗೆ ನಾರಣಪ್ಪನ ಬಂಡಾಯ ದೊಡ್ಡದಾಗಿ ಕಂಡಿರುತ್ತದೆ, ನಡುವಯಸ್ಸಿನಲ್ಲಿ ಓದಿದಾಗ ಪ್ರಾಣೇಶಾಚಾರ್ಯರು ದಾರಿಯಲ್ಲಿ ಒಬ್ಬರೇ ನಡೆಯುವ ಪುಟಗಳು ಹೆಚ್ಚು ಕಾಡುತ್ತವೆ.

ನಮ್ಮ ಬಡಾವಣೆಯಲ್ಲಿ ಓದುವ ಬಳಗ ಕಟ್ಟಬೇಕೆಂದಿದ್ದೇವೆ. ಹೇಗೆ ನಡೆಸಬೇಕು?

ಕಾದಂಬರಿಯಿಂದ ಆರಂಭಿಸಬೇಡಿ, ಅರ್ಧದಷ್ಟು ಜನ ಓದಿ ಮುಗಿಸಿರುವುದಿಲ್ಲ, ಆ ಸಂಕೋಚಕ್ಕೆ ಮುಂದಿನ ಸಲ ಬರುವುದಿಲ್ಲ. ಅರ್ಧ ಗಂಟೆಯೊಳಗೆ ಮುಗಿಯುವ ಒಂದು ಸಣ್ಣಕಥೆಯನ್ನು ಆರಿಸಿ, ಸೇರಿದ ಜಾಗದಲ್ಲೇ ಒಬ್ಬರು ಪೂರ್ತಿಯಾಗಿ ಗಟ್ಟಿಯಾಗಿ ಓದಿ. ಓದುವವರು ಪ್ರತಿ ಸಲ ಬದಲಾಗಲಿ. ಅಕ್ಷರ ಎಡವುವವರಿಗೂ ಒಂದು ಸರದಿ ಇರಲಿ. ಮಕ್ಕಳನ್ನು ಬೇರೆ ಕೋಣೆಗೆ ಕಳಿಸಬೇಡಿ, ಮೊದಲ ಹತ್ತು ನಿಮಿಷ ಅವರ ಪದ್ಯಕ್ಕೋ ಕಥೆಗೋ ಮೀಸಲಾಗಿರಲಿ. ಓದು ಮುಗಿದ ಕೂಡಲೇ ಲೇಖಕರ ಜೀವನ, ಪ್ರಶಸ್ತಿಗಳ ವಿವರಕ್ಕೆ ಹೋಗದೆ, ಕಥೆಯಲ್ಲಿ ಯಾರ ಮಾತನ್ನು ನೀವು ನಂಬಿದಿರಿ ಎಂದು ಒಬ್ಬೊಬ್ಬರನ್ನೂ ಕೇಳಿ. ಮೊದಲ ಕೂಟಕ್ಕೆ ‘ಮೊಸರಿನ ಮಂಗಮ್ಮ’ ಇರಲಿ. ಅತ್ತೆಯ ಕಡೆಯವರು, ಸೊಸೆಯ ಕಡೆಯವರು ಎಂದು ಕೋಣೆ ಎರಡು ಪಾಲಾಗುತ್ತದೆ, ಮುಂದಿನ ತಿಂಗಳಿಗೆ ಯಾವ ಕಥೆ ಎಂಬುದನ್ನು ಆ ಜಗಳದ ನಡುವೆಯೇ ಗೊತ್ತುಮಾಡಿಕೊಳ್ಳಬಹುದು.